ಟರ್ಬೊ ಕಾರಿಗೆ ಮಳೆಗಾಲದ ಲೆಕ್ಕ

ಸರ್ವಿಸ್ ಪುಸ್ತಕದಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ 15,000 ಕಿ.ಮೀ., ಹ್ಯುಂಡೈನಲ್ಲಿ 10,000. ಹೆಚ್ಚಿನವರ ತಲೆಯಲ್ಲಿ ಉಳಿಯುವುದು ಕಿಲೋಮೀಟರ್ ಮಾತ್ರ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರದಿಂದ ಭಟ್ಕಳದವರೆಗೆ ಉಪ್ಪುಗಾಳಿ, ನಾಲ್ಕು ತಿಂಗಳು ಬಿಡದ ಮಳೆ, ಮೇಲೆ ಹತ್ತಿದರೆ ದೇವಿಮನೆ, ಅರಬೈಲ್, ಅಣಶಿ ಘಟ್ಟ. ಇಲ್ಲಿ ಓಡುವ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಪೆಟ್ರೋಲ್ ಕಾರಿಗೆ ಪುಸ್ತಕದ ಅಂಕಿ ಕಟ್ಟಕಡೆಯ ಗಡುವು. ನಮ್ಮ ಕಡೆಯವರು ಮಳೆ ನೋಡಿ ಸರ್ವಿಸ್ ಮಾಡಿಸುವುದು ಒಳ್ಳೆಯದು: ಮೇ ಮುಗಿಯುವುದರೊಳಗೆ ಒಂದು, ದಸರೆಯ ಆಸುಪಾಸು ಇನ್ನೊಂದು.

ಮೊದಲ ಮಾತು ಎಂಜಿನ್ ಆಯಿಲ್. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಒಂದು ತುದಿಯಲ್ಲಿ ಕೆಂಪಗೆ ಕಾದ ಹೊಗೆ, ನಡುವೆ ಬೇರಿಂಗನ್ನು ಕಾಯುವುದು ತೆಳ್ಳನೆಯ ಆಯಿಲ್ ಪದರ. ಊರೊಳಗೆ ನಾಲ್ಕೈದು ಕಿ.ಮೀ. ಮಾತ್ರ ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಕೂಲಂಟಿನ (ಎಂಜಿನ್ ತಣಿಸುವ ದ್ರವ) ಬಿಸಿ ತೋರುವ ಮುಳ್ಳು ಬೇಗ ನಡುವಿಗೆ ಬರುತ್ತದೆ, ಆಯಿಲ್ ಬಿಸಿಯೇರಲು ಹತ್ತು ಹದಿನೈದು ಕಿ.ಮೀ. ಬೇಕು. ಅಲ್ಲಿಯವರೆಗೆ ಸಿಲಿಂಡರಿನಿಂದ ಜಾರಿದ ಪೆಟ್ರೋಲು, ಮಳೆಗಾಲದ ತೇವ ಎರಡೂ ಆಯಿಲಿನಲ್ಲೇ ಉಳಿಯುತ್ತವೆ. ಡಿಪ್‌ಸ್ಟಿಕ್ ತೆಗೆದಾಗ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ‘ಆಯಿಲ್ ಕಮ್ಮಿಯಾಗಿಲ್ಲ’ ಎಂದು ಸಮಾಧಾನಪಡಬೇಡಿ, ಅದೇ ದಿನ ಬದಲಿಸಿ. ಇಂಥ ಓಡಾಟಕ್ಕೆ 7,500 ಕಿ.ಮೀ. ಅಥವಾ ಆರು ತಿಂಗಳು ಸರಿಯಾದ ಅವಧಿ. ಡಬ್ಬದ ಮೇಲೆ 5ಡಬ್ಲ್ಯು-30 ಅಥವಾ 5ಡಬ್ಲ್ಯು-40 ಎಂಬ ಮಂದತೆಯ ಗುರುತು ಇದ್ದರೆ ಸಾಲದು. ವಿಡಬ್ಲ್ಯು 502 00 ಎಂಬಂಥ ತಯಾರಕರ ಅನುಮೋದನೆಯ ಸಂಖ್ಯೆ ನಿಮ್ಮ ಕೈಪಿಡಿಯಲ್ಲಿರುವುದಕ್ಕೆ ಹೊಂದಬೇಕು. ನಾಲ್ಕೂವರೆಯಿಂದ ಐದೂವರೆ ಲೀಟರ್ ಆಯಿಲ್, ಫಿಲ್ಟರ್, ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್, ಕೂಲಿ ಎಲ್ಲ ಸೇರಿ 6,000ದಿಂದ 7,000 ರೂಪಾಯಿ. ಇಲ್ಲಿ ಉಳಿಸಿದರೆ ಮುಂದೆ ಹೊಸ ಟರ್ಬೊದ ಬಿಲ್ಲು ಲಕ್ಷ ದಾಟುತ್ತದೆ.

ಘಟ್ಟ ಹತ್ತಿ ಬಂದು ಚಹಾ ಅಂಗಡಿಯ ಮುಂದೆ ತಟ್ಟನೆ ಕೀ ತಿರುಗಿಸುವುದು ಬೇಡ. ಟರ್ಬೊ ಒಳಗಿನ ಆಯಿಲ್ ಅಲ್ಲೇ ನಿಂತು ಸುಟ್ಟು ಕರಿಯಾಗುತ್ತದೆ. ಕ್ರಮೇಣ ಅದು ಆಯಿಲ್ ಬರುವ ಸಣ್ಣ ಪೈಪನ್ನೇ ಕಟ್ಟಿಹಾಕುತ್ತದೆ. ಕೊನೆಯ ಎರಡು ಕಿ.ಮೀ. ನಿಧಾನ ಓಡಿಸಿದ್ದರೆ ಸಾಕು, ಇಲ್ಲವಾದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ನಿಲ್ಲಿಸಿದ ಮೇಲೂ ಫ್ಯಾನೋ ಪಂಪೋ ತಿರುಗುತ್ತಿದ್ದರೆ ಗಾಬರಿ ಬೇಡ, ಅದು ಟರ್ಬೊ ತಣಿಸುವ ಏರ್ಪಾಟು.

ಇನ್ನು ಬ್ರೇಕ್ ಆಯಿಲ್. ಇದನ್ನು ಮರೆಯುವವರೇ ಹೆಚ್ಚು, ನಮ್ಮ ಜಿಲ್ಲೆಯಲ್ಲಿ ಮರೆಯಲೇಬಾರದ್ದೂ ಇದೇ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಕ್ಯಾಲಿಪರ್ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಒಳಗೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ, ಕಿ.ಮೀ. ಎಷ್ಟೇ ಇರಲಿ, ಪೂರ್ತಿ ಬದಲಿಸಿ. ಮೇಲಿನ ಡಬ್ಬಿಯಲ್ಲಿ ಹೊಸದು ತುಂಬುವುದು ಬದಲಾವಣೆಯಲ್ಲ. ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಹಳೆಯದು ಹೊರಬರಬೇಕು. ಒಂದು ಲೀಟರ್ ಸಾಕು, ಕೂಲಿ ಸೇರಿ 1,500ರಿಂದ 2,000. ಆಟೊಮ್ಯಾಟಿಕ್ ಆದರೂ ಇಳಿಜಾರಿನಲ್ಲಿ ಗೇರನ್ನು ಕೈಯಿಂದಲೇ ಎರಡಕ್ಕೋ ಮೂರಕ್ಕೋ ಹಾಕಿ, ಎಂಜಿನ್ನೇ ತಡೆಯಲಿ.

ಘಟ್ಟದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಕಾರು ಮುಗ್ಗರಿಸಿದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿಸಿ. ಒತ್ತಡದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಸವೆದು ಗ್ಯಾಪ್ ಹಿಗ್ಗಿದರೆ ಕಿಡಿ ತಪ್ಪುತ್ತದೆ. ಸುಡದ ಪೆಟ್ರೋಲು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳುಮಾಡುತ್ತದೆ. ಪುಸ್ತಕ 60,000 ಎಂದರೂ ಘಟ್ಟದ ಕಾರಿಗೆ 30,000 ಕಿ.ಮೀ.ಗೇ ಬದಲಿಸಿ. ನಾಲ್ಕಕ್ಕೆ 4,000ದಿಂದ 6,000. ಬಿಗಿಯುವಾಗ ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಬೇಡ. ಹೆಡ್ ಅಲ್ಯುಮಿನಿಯಂ, ಥ್ರೆಡ್ ಹೋದರೆ ದೊಡ್ಡ ಕೆಲಸ.

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲು ಇಂಟೇಕ್ ವಾಲ್ವನ್ನು ತೊಳೆಯುವುದಿಲ್ಲ, ಮಸಿ ಕಟ್ಟುತ್ತದೆ. ಟ್ಯಾಂಕಿಗೆ ಹಾಕುವ ಕ್ಲೀನರ್ ಆ ವಾಲ್ವ್ ಮುಟ್ಟುವುದೇ ಇಲ್ಲ, ಆ ದುಡ್ಡು ಉಳಿಸಿ. 60,000 ದಾಟಿದ ಮೇಲೆ ಬೆಳಗಿನ ಸ್ಟಾರ್ಟಿಂಗ್ ಒರಟಾದರೆ ಕ್ಯಾಮೆರಾ ಇಳಿಸಿ ನೋಡಿಸಿ.

ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಬೆಚ್ಚನೆಯ ಎಂಜಿನ್ ಮೇಲೆ ಇಲಿಗಳು ಬಂದು ಕೂರುತ್ತವೆ. ವ್ಯಾಕ್ಯೂಮ್ ಪೈಪಿಗೆ ಒಂದು ಹಲ್ಲು ತಾಗಿದರೂ ಟರ್ಬೊದ ನಿಯಂತ್ರಣ ತಪ್ಪಬಹುದು. ಪಿಕಪ್ ಇಲ್ಲವೆಂದು ಟರ್ಬೊವನ್ನೇ ದೂರುವ ಮೊದಲು ಪೈಪುಗಳನ್ನು ಬೆರಳಿನಲ್ಲಿ ತಡವಿ ನೋಡಿ. ಇಂಟರ್‌ಕೂಲರ್ (ಟರ್ಬೊ ತಳ್ಳಿದ ಬಿಸಿ ಗಾಳಿ ತಣಿಸುವ ಭಾಗ) ಪೈಪಿನ ಕೀಲಿನಲ್ಲಿ ಆಯಿಲಿನ ತೆಳು ಪಸೆ ಸಹಜ, ತೊಟ್ಟಿಕ್ಕುತ್ತಿದ್ದರೆ ಕ್ಲಾಂಪ್ ಸಡಿಲವಾಗಿರಬಹುದು. ಬಂಪರ್ ಹಿಂದಿನ ಇಂಟರ್‌ಕೂಲರಿಗೆ ಕೆಮ್ಮಣ್ಣು ಮೆತ್ತಿದ್ದರೆ ಹಗುರ ಒತ್ತಡದ ನೀರಲ್ಲಿ ತೊಳೆಯಿರಿ, ಪ್ರೆಷರ್ ವಾಷರ್‌ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ. ಕರಾವಳಿಯವರು ಆಯುಧಪೂಜೆಗೆ ಗಾಡಿ ತೊಳೆಯುವಾಗ ತಳವನ್ನೂ ಸಿಹಿನೀರಲ್ಲಿ ತೊಳೆದು, ಅರ್ತಿಂಗ್ ವೈರಿನ ಬೋಲ್ಟಿನಲ್ಲಿ ಕಿಲುಬು ಇದೆಯೇ ನೋಡಬೇಕು. ಕೂಲಂಟ್ ತಗ್ಗಿದರೆ ಬಾವಿ ನೀರು ಹಾಕಬೇಡಿ.

ಗೇರ್‌ಬಾಕ್ಸ್ ವಿಷಯದಲ್ಲಿ ಗೊಂದಲ ಬಹಳ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರ ಆರು ಗೇರಿನ, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಾದ ಡಿಎಸ್‌ಜಿಯಲ್ಲಿ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ, 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಾಗಲೇಬೇಕು. ಸುಮಾರು ಐದು ಲೀಟರ್, 15,000ದಿಂದ 20,000 ರೂಪಾಯಿ. ಮಟ್ಟ ನೋಡುವಾಗ ಆಯಿಲ್ 35ರಿಂದ 45 ಡಿಗ್ರಿಯೊಳಗಿರಬೇಕು, ಸ್ಕ್ಯಾನರ್ ಹಾಕದೆ ಇದು ಸಾಧ್ಯವಿಲ್ಲ. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾಗಳ ಏಳು ಗೇರಿನದು ಒಣ ಕ್ಲಚ್ಚಿನದು. ಘಟ್ಟದಲ್ಲಿ ಲಾರಿಯ ಹಿಂದೆ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಿದರೆ ಅದೇ ಸುಡುವುದು. ಬ್ರೇಕ್ ಹಿಡಿಯಿರಿ, ಮುಂದೆ ಜಾಗ ಬಿಟ್ಟಮೇಲೆ ಒಮ್ಮೆಗೇ ಹೊರಡಿ.

ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಅಂದಾಜು ಲೆಕ್ಕ ಹೀಗೆ. ಎರಡು ಸಲ ಆಯಿಲ್ 13,000. ಏರ್ ಮತ್ತು ಎಸಿ ಫಿಲ್ಟರ್ 2,500. ಬ್ರೇಕ್ ಆಯಿಲ್, ಪ್ಲಗ್, ಡಿಎಸ್‌ಜಿ ಆಯಿಲುಗಳ ಖರ್ಚನ್ನು ವರ್ಷಕ್ಕೆ ಹಂಚಿದರೆ 6,500. ಬ್ರೇಕ್ ಪ್ಯಾಡಿಗೆ 5,000. ಟೈರಿನದೇ 17,000, ಏಕೆಂದರೆ ನಾಲ್ಕಕ್ಕೆ ಸುಮಾರು 50,000 ಕೊಟ್ಟು 35,000 ಕಿ.ಮೀ. ಓಡಿಸುತ್ತೇವೆ. ಒಟ್ಟು 44,000ದ ಆಸುಪಾಸು, ಇನ್ಶೂರೆನ್ಸ್ ಬೇರೆ. ಟೈರಿನ ಗೆರೆ 1.6 ಮಿ.ಮೀ.ವರೆಗೆ ಕಾನೂನು ಒಪ್ಪುತ್ತದೆ, ಆದರೆ 3 ಮಿ.ಮೀ.ಗೆ ಇಳಿದ ಟೈರಿನಲ್ಲಿ ಜೂನ್ ತಿಂಗಳ ಹೆದ್ದಾರಿಗೆ ಇಳಿಯಬೇಡಿ. ಕಾರನ್ನು ಹುಬ್ಬಳ್ಳಿಗೋ ಗೋವೆಗೋ ಒಯ್ಯುವುದಿದ್ದರೆ ಚಾಸಿ ನಂಬರ್ ಮೊದಲೇ ಕೊಟ್ಟು ಪ್ಲಗ್, ಫಿಲ್ಟರ್ ತರಿಸಿಡಲು ಹೇಳಿ. ಅಲ್ಲಿಗೆ ಹೋದಮೇಲೆ ಸ್ಟಾಕ್ ಇಲ್ಲವೆಂದರೆ ಮತ್ತೊಮ್ಮೆ ಘಟ್ಟ ಹತ್ತಿ ಇಳಿಯಬೇಕಾಗುತ್ತದೆ.