ಆಯುರ್ವೇದದ ಪುಟದಲ್ಲಿ ‘ಹುಸಿವಿಜ್ಞಾನ’: ವಿಕಿಪೀಡಿಯದ ತಟಸ್ಥತೆ ಎಂದರೇನು?

ಪ್ರಶ್ನೆ: ವಿಕಿಪೀಡಿಯ ತಾನು ತಟಸ್ಥ ಎನ್ನುತ್ತದೆ. ಆದರೆ ಇಂಗ್ಲಿಷ್ ವಿಕಿಪೀಡಿಯದ ಆಯುರ್ವೇದ ಲೇಖನದ ಪೀಠಿಕೆಯಲ್ಲೇ ಅದಕ್ಕೆ ಹುಸಿವಿಜ್ಞಾನ ಎಂಬ ಹಣೆಪಟ್ಟಿ ಹಚ್ಚಲಾಗಿದೆ. ಅಳಿಸಿದರೂ ಆ ಪದ ಮರಳಿ ಬರುತ್ತದೆ. ಇದು ಪಕ್ಷಪಾತವಲ್ಲವೇ?

ಉತ್ತರ: ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಲೇಖನ ಮಾನಹಾನಿಕರವೆಂದು ಆಯುರ್ವೇದ ಔಷಧ ತಯಾರಕರ ಸಂಘಟನೆಯೊಂದು ಸಲ್ಲಿಸಿದ್ದ ಅರ್ಜಿಯನ್ನು 2022ರ ಅಕ್ಟೋಬರ್‌ನಲ್ಲಿ ವಜಾ ಮಾಡಿದ ನ್ಯಾಯಪೀಠ, ಲೇಖನವನ್ನು ನೀವೇ ತಿದ್ದಬಹುದಲ್ಲ ಎಂದಿತು. ತಿದ್ದಲು ಅವಕಾಶವಿದೆ, ನಿಜ. ತಿದ್ದಿದ್ದು ಉಳಿಯಬೇಕಾದರೆ ಅಲ್ಲಿ ತಟಸ್ಥತೆಗೆ ಯಾವ ಅರ್ಥವಿದೆ ಎಂಬುದನ್ನು ಮೊದಲು ತಿಳಿದಿರಬೇಕು.

ಇಬ್ಬರು ಜಗಳವಾಡುವಾಗ ಮಧ್ಯದಲ್ಲಿ ನಿಂತು ಇಬ್ಬರ ಮಾತಿಗೂ ಸಮಪಾಲು ಕೊಡುವುದನ್ನು ನಾವು ತಟಸ್ಥತೆ ಎನ್ನುತ್ತೇವೆ. ವಿಕಿಪೀಡಿಯದ ನೀತಿ ಹಾಗಿಲ್ಲ: ನಂಬಲರ್ಹ ಪ್ರಕಟಿತ ಆಕರಗಳಲ್ಲಿ ಒಂದು ಅಭಿಪ್ರಾಯಕ್ಕೆ ಎಷ್ಟು ತೂಕವಿದೆಯೋ ಲೇಖನದಲ್ಲೂ ಅದಕ್ಕೆ ಅಷ್ಟೇ ತೂಕ ಸಿಗಬೇಕು. ರೋಗ ಮತ್ತು ಔಷಧಿಯ ವಿಷಯದಲ್ಲಂತೂ ಒಂದು ಸಣ್ಣ ಪ್ರಯೋಗದ ವರದಿ ಸಾಲದು. ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶಾ ಲೇಖನ ಬೇಕೆಂದು ಕೇಳುತ್ತಾರೆ. ಅಂಥ ಆಕರಗಳ ಆಧಾರದ ಮೇಲೆ ನಿಂತಿರುವ ಪದವನ್ನು ಕೇವಲ ಮನಸ್ಸಿಗೆ ನೋವಾಯಿತೆಂದು ತೆಗೆದರೆ ಆ ತಿದ್ದುಪಡಿ ಉಳಿಯುವುದಿಲ್ಲ.

ಎರಡನೆಯ ತಕರಾರು ಹೆಚ್ಚು ಸೂಕ್ಷ್ಮವಾದದ್ದು: ಆ ಮಾತನ್ನು ಯಾರ ಬಾಯಲ್ಲಿ ಹೇಳಿಸಬೇಕು? ‘ಆಯುರ್ವೇದ ಹುಸಿವಿಜ್ಞಾನ’ ಎಂದರೆ ಅದು ವಿಶ್ವಕೋಶದ ಸ್ವಂತ ಮಾತು. ‘ಹುಸಿವಿಜ್ಞಾನವೆಂದು ಕೆಲವರು ಹೇಳುತ್ತಾರೆ’ ಎಂದರೆ ಅದು ಹಲವು ಅಭಿಪ್ರಾಯಗಳಲ್ಲಿ ಒಂದು. ತಜ್ಞರಲ್ಲಿ ಬಹುಪಾಲು ಒಪ್ಪಿಗೆಯಿರುವ ಸಂಗತಿಯನ್ನು ‘ಕೆಲವರು’ ಎಂಬ ಪದದ ಹಿಂದೆ ಮರೆಮಾಡುವುದು ಓದುಗರ ದಾರಿ ತಪ್ಪಿಸಿದಂತೆ. ಆದರೆ ‘ಭಯೋತ್ಪಾದಕ’ ಎಂಬಂಥ ತೀರ್ಪಿನ ಪದವನ್ನು ಆಕರಗಳು ವ್ಯಾಪಕವಾಗಿ ಬಳಸದ ಹೊರತು ಬಳಸಬಾರದು, ಬಳಸಿದರೂ ಯಾರು ಹಾಗೆಂದರೆಂದು ಹೇಳಬೇಕು ಎಂಬುದು ಅದೇ ವಿಕಿಪೀಡಿಯದ ಮಾರ್ಗಸೂಚಿ.

ನನ್ನ ಅಭಿಪ್ರಾಯದಲ್ಲಿ, ಹಣೆಪಟ್ಟಿಗಿಂತ ಬಿಡಿಸಿ ಬರೆದ ವಾಕ್ಯವೇ ಓದುಗರಿಗೆ ಹೆಚ್ಚು ಉಪಯುಕ್ತ. ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಸುಶ್ರುತ ಸಂಹಿತೆಯ ಸ್ಥಾನವೇನು ಎಂಬುದು ಒಂದು ಪ್ರಶ್ನೆ. ವಾತ, ಪಿತ್ತ, ಕಫಗಳ ಸಿದ್ಧಾಂತಕ್ಕೆ ಪ್ರಯೋಗದ ಆಧಾರವಿದೆಯೇ ಎಂಬುದು ಬೇರೆಯದೇ ಪ್ರಶ್ನೆ. ಒಂದೇ ಪದ ಎರಡಕ್ಕೂ ಉತ್ತರವೆಂಬಂತೆ ಕಂಡಾಗ ಓದುಗರು ಸಿಟ್ಟಾಗುವುದು ಸಹಜ.

ಬರೀ ಹೆಸರಿಗಾಗಿಯೂ ಇಂಥ ಜಗಳಗಳು ನಡೆದಿವೆ. ಪೋಲೆಂಡಿನ ಬಂದರು ನಗರವೊಂದನ್ನು ಪೋಲಿಷ್ ಭಾಷೆಯಂತೆ ಗ್ಡಾನ್ಸ್ಕ್ ಎನ್ನಬೇಕೋ ಜರ್ಮನ್ ಭಾಷೆಯಂತೆ ಡಾನ್ಜಿಗ್ ಎನ್ನಬೇಕೋ ಎಂದು ಸಂಪಾದಕರು ಪರಸ್ಪರರ ತಿದ್ದುಪಡಿಗಳನ್ನು ಅಳಿಸುತ್ತಲೇ ಇದ್ದರು. ಕೊನೆಗೆ 2005ರಲ್ಲಿ ಮತಕ್ಕೆ ಹಾಕಿ, 1308ರಿಂದ 1945ರವರೆಗಿನ ಸಂದರ್ಭಕ್ಕೆ ಡಾನ್ಜಿಗ್, ಅದರ ಹಿಂದಿನ ಮತ್ತು ಮುಂದಿನ ಕಾಲಕ್ಕೆ ಗ್ಡಾನ್ಸ್ಕ್ ಎಂದು ತೀರ್ಮಾನಿಸಿದರು.

ಹಾಗಾದರೆ ನೀವು ಏನು ಮಾಡಬಹುದು? ಅಳಿಸುವ ಆಟಕ್ಕೆ ಇಳಿಯಬೇಡಿ. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇತರರ ಬದಲಾವಣೆಯನ್ನು ರದ್ದು ಮಾಡಿದರೆ ನಿಮ್ಮ ಖಾತೆಗೇ ತಡೆ ಬೀಳಬಹುದು. ವಿವಾದ ತೀವ್ರವಾಗಿರುವ ಕೆಲವು ಪುಟಗಳನ್ನು 30 ದಿನ ಹಳೆಯದಾದ, 500 ಸಂಪಾದನೆ ಮಾಡಿದ ಖಾತೆಯಿಂದ ಮಾತ್ರ ತಿದ್ದಬಹುದು. ಲೇಖನದ ಚರ್ಚೆ ಪುಟದಲ್ಲಿ ‘ಇಂಥ ವಾಕ್ಯದ ಬದಲು ಇಂಥ ವಾಕ್ಯವಿರಲಿ, ಇದಕ್ಕೆ ಆಧಾರ ಇಂಥ ವಿಮರ್ಶೆಯ ಇಂಥ ಪುಟ’ ಎಂದು ಬರೆಯಿರಿ. ‘ನಮ್ಮ ಪರಂಪರೆಗೆ ಅವಮಾನ’ ಎಂದಷ್ಟೇ ಬರೆದರೆ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗದು.

ಇಂಗ್ಲಿಷ್ ಪುಟದ ತೀರ್ಮಾನ ಉಳಿದ ಭಾಷೆಗಳಿಗೆ ಅನ್ವಯಿಸುವುದಿಲ್ಲ. ಕನ್ನಡ ವಿಕಿಪೀಡಿಯದ ಲೇಖನದಲ್ಲಿ ಯಾವ ಪದವಿರಬೇಕೆಂಬುದನ್ನು ಅಲ್ಲಿ ಬರೆಯುವವರೇ ಆ ಲೇಖನದ ಚರ್ಚೆ ಪುಟದಲ್ಲಿ, ಬೇಕಾದರೆ ಸಮುದಾಯವೆಲ್ಲ ಸೇರುವ ‘ಅರಳಿ ಕಟ್ಟೆ’ಯಲ್ಲಿ, ಮಾತಾಡಿ ತೀರ್ಮಾನಿಸಬೇಕು.