ಬ್ರೆಜಿಲ್‌ನಲ್ಲಿ ಕಾರು ಮೊದಲು ಬಂತು, ಇಲ್ಲಿ ಎಥೆನಾಲ್ ಮೊದಲು ಬಂತು

ಈಗ ಬಂಕ್‌ಗೆ ಹೋಗಿ ಐದು ಲೀಟರ್ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ ಸುಮಾರು ಒಂದು ಲೀಟರ್ ಎಥೆನಾಲ್, ಅಂದರೆ ಕಬ್ಬು ಅಥವಾ ಧಾನ್ಯದಿಂದ ಮಾಡಿದ ಆಲ್ಕೋಹಾಲ್, ಇರುತ್ತದೆ. ಇ20 ಅಂದರೆ ಇಷ್ಟೇ. ಹಳೆ ಸ್ಕೂಟರ್, ಹಳೆ ಕಾರು ಇಟ್ಟುಕೊಂಡವರು 2025ರಲ್ಲಿ ಮೈಲೇಜ್ ಬೀಳ್ತಿದೆ ಅಂತ ಜೋರಾಗಿ ಹೇಳತೊಡಗಿದ ಮೇಲೇ ಬಹಳ ಜನ ಇದರ ಕಡೆ ಗಮನ ಕೊಟ್ಟರು. ಆದರೆ ಈ ಯೋಚನೆ ಹೊಸದೇನಲ್ಲ. ಮುಂದಿನ ಕಾಲದ ಇಂಧನ ಆಲ್ಕೋಹಾಲೇ ಎಂದು ಹೆನ್ರಿ ಫೋರ್ಡ್ 1925ರಲ್ಲೇ ಹೇಳಿದ್ದರು. ಪೆಟ್ರೋಲ್ ಅಗ್ಗವಾಗಿ ಸಿಗುತ್ತಿದ್ದ ಕಾಲ ಅದು. ಹಾಗಾಗಿ ಆ ಮಾತು ಮಾತಾಗಿಯೇ ಉಳಿಯಿತು.

ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಬ್ರೆಜಿಲ್. 1973ರಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಬ್ರೆಜಿಲ್ ಆಗ ತನಗೆ ಬೇಕಾದ ತೈಲದಲ್ಲಿ ಸುಮಾರು ಶೇ 80ರಷ್ಟನ್ನು ಹೊರಗಿನಿಂದ ತರಿಸುತ್ತಿತ್ತು. ಅತ್ತ 1975ರಲ್ಲಿ ಸಕ್ಕರೆ ಬೆಲೆಯೂ ಬಿತ್ತು. ದುಡ್ಡು ಹೊರಗೆ ಹರಿಯುತ್ತಿದೆ, ಕಬ್ಬಿಗೆ ಬೆಲೆ ಇಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಅರ್ನೆಸ್ಟೊ ಗೈಸೆಲ್ ಅವರ ಮಿಲಿಟರಿ ಸರ್ಕಾರ 'ಪ್ರೊ ಆಲ್ಕೊಲ್' ಯೋಜನೆ ಶುರು ಮಾಡಿತು. ಮೊದಲು ಪೆಟ್ರೋಲ್‌ಗೆ ಬೆರೆಸಿದರು. 1979ರಲ್ಲಿ ಪೂರ್ತಿ ಎಥೆನಾಲ್‌ನಲ್ಲೇ ಓಡುವ ಫಿಯೆಟ್ 147 ರಸ್ತೆಗಿಳಿಯಿತು.

ಎಥೆನಾಲ್ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ದಕ್ಷಿಣ ಬ್ರೆಜಿಲ್‌ನ ಚಳಿಗಾಲದ ಬೆಳಿಗ್ಗೆ ಈ ಕಾರುಗಳು ಸ್ಟಾರ್ಟ್ ಆಗುವುದೇ ಕಷ್ಟವಾಗುತ್ತಿತ್ತು. ಅದಕ್ಕೆಂದೇ ಬಾನೆಟ್ ಕೆಳಗೆ ಪೆಟ್ರೋಲ್ ತುಂಬಿದ ಪುಟ್ಟ ಟ್ಯಾಂಕ್ ಇಟ್ಟರು. ಮೊದಲು ಅದರಿಂದ ಒಂದಿಷ್ಟು ಪೆಟ್ರೋಲ್ ಇಂಜಿನ್‌ಗೆ ಹೋಗಬೇಕು, ಆಮೇಲೆ ಗಾಡಿ ಎಥೆನಾಲ್ ಮೇಲೆ ಓಡಬೇಕು. ಇಷ್ಟೆಲ್ಲ ರಗಳೆ ಇದ್ದರೂ ಜನ ಕೊಂಡರು. ತೆರಿಗೆ ಕಡಿಮೆ ಇತ್ತು, ಎಥೆನಾಲ್ ಪೆಟ್ರೋಲ್‌ಗಿಂತ ಅಗ್ಗವಾಗಿರುವಂತೆ ಸರ್ಕಾರ ನೋಡಿಕೊಂಡಿತ್ತು. 80ರ ದಶಕದ ಮಧ್ಯಕ್ಕೆ ಅಲ್ಲಿ ಮಾರಾಟವಾಗುವ ಹತ್ತು ಹೊಸ ಕಾರಿನಲ್ಲಿ ಒಂಬತ್ತು ಎಥೆನಾಲ್ ಕಾರುಗಳಾಗಿದ್ದವು.

ಆಮೇಲೆ ಎಲ್ಲ ತಿರುಗಿತು. 1986ರಲ್ಲಿ ತೈಲ ಬೆಲೆ ಕುಸಿಯಿತು. ಕೆಲ ವರ್ಷಗಳಲ್ಲಿ ಸಕ್ಕರೆ ಬೆಲೆ ಏರಿದಾಗ ಕಾರ್ಖಾನೆಗಳು ಕಬ್ಬನ್ನು ಸಕ್ಕರೆಗೆ ತಿರುಗಿಸಿಕೊಂಡವು. 1989ರ ಹೊತ್ತಿಗೆ ಬಂಕ್‌ಗಳಲ್ಲಿ ಎಥೆನಾಲ್ ಇಲ್ಲ, ಹೊರಗೆ ಕಾರುಗಳ ಸಾಲು. ಪೂರ್ತಿ ಎಥೆನಾಲ್ ಕಾರು ಕೊಂಡವರಿಗೆ ಬೇರೆ ದಾರಿಯೇ ಇರಲಿಲ್ಲ, ಆ ಇಂಜಿನ್ ಪೆಟ್ರೋಲ್‌ನಲ್ಲಿ ಓಡುವುದಿಲ್ಲವಲ್ಲ. ನಂಬಿಕೆ ಹೋಯಿತು. 90ರ ದಶಕದಲ್ಲಿ ಅಂಥ ಕಾರುಗಳ ಮಾರಾಟ ಹೆಚ್ಚುಕಡಿಮೆ ನಿಂತೇಹೋಯಿತು.

ಜನ ಮತ್ತೆ ಎಥೆನಾಲ್ ಕಡೆ ತಿರುಗಿದ್ದು ಆಜ್ಞೆಯಿಂದಲ್ಲ, ಆಯ್ಕೆಯಿಂದ. 2003ರಲ್ಲಿ ಫೋಕ್ಸ್‌ವ್ಯಾಗನ್ 'ಗೋಲ್' ಕಾರಿನ ಫ್ಲೆಕ್ಸ್ ಮಾದರಿ ತಂದಿತು. ಪೆಟ್ರೋಲ್ ಹಾಕಿ, ಎಥೆನಾಲ್ ಹಾಕಿ, ಎರಡನ್ನೂ ಅರ್ಧರ್ಧ ಹಾಕಿ, ಓಡುತ್ತದೆ. ಹೊಗೆ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಇಂಜಿನ್‌ನ ಕಂಪ್ಯೂಟರೇ ಇಂಧನದ ಪ್ರಮಾಣ ಸರಿಮಾಡಿಕೊಳ್ಳುತ್ತದೆ. ಅಲ್ಲಿನವರಿಗೆ ಈಗ ಒಂದು ಲೆಕ್ಕ ಬಾಯಿಪಾಠ. ಒಂದು ಲೀಟರ್ ಎಥೆನಾಲ್ ಪೆಟ್ರೋಲ್‌ನ ಸುಮಾರು ಶೇ 70ರಷ್ಟು ದೂರ ಮಾತ್ರ ಓಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಬೆಲೆಯನ್ನು 0.7ರಿಂದ ಗುಣಿಸಬೇಕು. ಪೆಟ್ರೋಲ್ ಲೀಟರ್‌ಗೆ 6 ರಿಯಾಲ್ (ಬ್ರೆಜಿಲ್‌ನ ಹಣ) ಇದ್ದರೆ 4.20 ಬರುತ್ತದೆ. ಎಥೆನಾಲ್ ಅದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಹಾಕಿಸು, ಜಾಸ್ತಿ ಇದ್ದರೆ ಬಿಡು. ಅಲ್ಲೂ ಬೆರಕೆ ಇಲ್ಲದ ಪೆಟ್ರೋಲ್ ಸಿಗುವುದಿಲ್ಲ ಅನ್ನುವುದು ನಿಜ. 2025ರ ಆಗಸ್ಟ್‌ನಿಂದ ಅಲ್ಲಿನ ಮಾಮೂಲಿ ಪೆಟ್ರೋಲ್‌ನಲ್ಲೇ ಶೇ 30 ಎಥೆನಾಲ್ ಇದೆ. ಆದರೆ ಅದನ್ನು ತಡೆದುಕೊಳ್ಳುವ ಕಾರುಗಳು ಮೊದಲೇ ರಸ್ತೆಯಲ್ಲಿದ್ದವು.

ನಮ್ಮಲ್ಲಿ ನಡೆದದ್ದು ಉಲ್ಟಾ. ಭಾರತದಲ್ಲಿ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಇತ್ತು, ಹೆಚ್ಚೇನೂ ಆಗಲಿಲ್ಲ. 2003ರ ಜನವರಿಯಲ್ಲಿ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5 ಬೆರಸುವ ಯೋಜನೆ ಬಂತು. ಮರುವರ್ಷವೇ ಕಾಕಂಬಿ ಸಾಲದೆ ಮುಗ್ಗರಿಸಿತು. ಕಬ್ಬಿನ ರಸ ಕುದಿಸಿ, ಸಕ್ಕರೆ ಹರಳುಗಳನ್ನು ಮತ್ತೆ ಮತ್ತೆ ಬೇರ್ಪಡಿಸಿದ ಮೇಲೆ ಕೊನೆಗೆ ಉಳಿಯುವ ಕಪ್ಪು ಮಂದ ಪಾಕವೇ ಕಾಕಂಬಿ. ಎಥೆನಾಲ್ ಮಾಡಲು ಆಗ ಇದ್ದ ಮೂಲ ಇದೊಂದೇ. ಅದಕ್ಕೆ ಮದ್ಯದ ಡಿಸ್ಟಿಲರಿಗಳೂ ಕಾಯುತ್ತಿದ್ದವು, ರಾಸಾಯನಿಕ ಕಾರ್ಖಾನೆಗಳೂ ಕಾಯುತ್ತಿದ್ದವು. ಹತ್ತು ವರ್ಷ ಕಳೆದು 2013-14ಕ್ಕೆ ಬಂದರೂ ಬೆರಕೆ ಶೇ 1.53 ಮಾತ್ರ.

ದಿಕ್ಕು ಬದಲಿಸಿದ್ದು 2018ರ ಜೈವಿಕ ಇಂಧನ ನೀತಿ. ಆಗ ಸಕ್ಕರೆ ವಿಪರೀತ ಆಗಿ ಬೆಲೆ ಬಿದ್ದಿತ್ತು, ರೈತರ ಕಬ್ಬಿನ ಬಾಕಿ ಬೆಳೆಯುತ್ತಿತ್ತು. ಕಬ್ಬಿನ ರಸದಿಂದ, ಇನ್ನೂ ಸಕ್ಕರೆ ಉಳಿದಿರುವ ಕಾಕಂಬಿಯಿಂದ, ಕೆಟ್ಟ ಧಾನ್ಯದಿಂದ ನೇರವಾಗಿ ಎಥೆನಾಲ್ ಮಾಡಬಹುದು ಎಂದಾಯಿತು. 2022ರ ಜೂನ್‌ನಲ್ಲಿ ಬೆರಕೆ ಶೇ 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇ20 ಬಿಡುಗಡೆ ಮಾಡಿದರು. 2030ಕ್ಕೆ ಅಂದುಕೊಂಡಿದ್ದ ಶೇ 20ರ ಗುರಿ 2025ರಲ್ಲೇ ಮುಟ್ಟಿತು.

ವೇಗವಾಗಿ ಆಯಿತು, ಒಪ್ಪೋಣ. ಆದರೆ ಇ20 ತಡೆಯುವ ಗಾಡಿಗಳು ಮಾರುಕಟ್ಟೆಗೆ ಬರತೊಡಗಿದ್ದು 2023ರ ಏಪ್ರಿಲ್ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೋಟಿಗಟ್ಟಲೆ ಗಾಡಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಹಳೆ ಸ್ಕೂಟರ್‌ನ ಟ್ಯಾಂಕ್‌ಗೆ ಇದು ಒಳ್ಳೆಯದಲ್ಲ. ಹಳೆ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಈ ನಷ್ಟ ತುಂಬಲು ಇಂಥ ಇಂಧನದ ಬೆಲೆ ಮಾಮೂಲಿ ಪೆಟ್ರೋಲ್‌ಗಿಂತ ಕಡಿಮೆ ಇರಬೇಕು ಅಂತಲೂ ಬರೆದಿತ್ತು. ಬೆಲೆ ಇಳಿಯಲಿಲ್ಲ. ತೈಲ ಕಂಪನಿಗಳು ಎಥೆನಾಲ್ ಕೊಳ್ಳುವ ಸರಾಸರಿ ದರವೇ 2025ರ ಜುಲೈಗೆ ಲೀಟರ್‌ಗೆ 71 ರೂಪಾಯಿ ದಾಟಿತ್ತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ನೀರಿನ ಲೆಕ್ಕವೂ ನೀತಿ ಆಯೋಗದ ಅದೇ ವರದಿಯಲ್ಲಿದೆ: ಕಬ್ಬಿನಿಂದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು. 2023ರಲ್ಲಿ ಮಳೆ ಕೈಕೊಟ್ಟಾಗ ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನೇ ನಿಲ್ಲಿಸಿತು, ವಾರದಲ್ಲೇ ಸ್ವಲ್ಪ ಸಡಿಲಿಸಿತು. ಆ ಜಾಗಕ್ಕೆ ಮೆಕ್ಕೆಜೋಳ ಬಂತು, ಅಕ್ಕಿ ಬಂತು. ಈಗ ಕಬ್ಬಿಗಿಂತ ಧಾನ್ಯದ ಎಥೆನಾಲೇ ಜಾಸ್ತಿ.

ಇದರ ಬಿಸಿ ನಮ್ಮ ರೈತರಿಗೂ ತಟ್ಟಿತು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ರಸ್ತೆಗೆ ಕೂತರು. 3,300ಕ್ಕೆ ಮಾತು ಮುಗಿಯಿತು. ನಮ್ಮ ಕಾರ್ಖಾನೆಗಳಿಗೆ ಸುಮಾರು 270 ಕೋಟಿ ಲೀಟರ್ ಎಥೆನಾಲ್ ಮಾಡುವ ಸಾಮರ್ಥ್ಯವಿದ್ದರೂ ತೈಲ ಕಂಪನಿಗಳ ಖರೀದಿಯಲ್ಲಿ 47 ಕೋಟಿ ಲೀಟರ್ ಮಾತ್ರ ಹಂಚಿಕೆಯಾಗಿದೆ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ದೂರಿತು. ಅದೇ ತಿಂಗಳು ಮೆಕ್ಕೆಜೋಳದ ಬೆಲೆಯೂ ಕ್ವಿಂಟಾಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗಿಳಿದಿತ್ತು.

ಕೊಳ್ಳುವುದಕ್ಕಿಂತ ಜಾಸ್ತಿ ಎಥೆನಾಲ್ ಮಾಡುವ ಶಕ್ತಿ ಈಗ ದೇಶದ ಡಿಸ್ಟಿಲರಿಗಳಿಗಿದೆ. ಹಾಗಾಗಿ ಬೆರಕೆಯನ್ನು ಶೇ 27ಕ್ಕೆ ಏರಿಸುವ ಮಾತು ಎದ್ದಿದೆ. ಹಾಗೆ ಮಾಡುವ ಮೊದಲು ಪ್ರತಿ ಊರಿನ ಒಂದೆರಡು ಬಂಕ್‌ನಲ್ಲಾದರೂ ಹಳೆ ಗಾಡಿಗಳಿಗೆ ಇ10 ಪಂಪ್ ಉಳಿಸಬೇಕು. ಇ20 ಬೆಲೆ ಅದು ಕೊಡುವ ಮೈಲೇಜ್‌ಗೆ ತಕ್ಕಂತೆ ಇಳಿಯಬೇಕು. ಫ್ಲೆಕ್ಸ್ ಇಂಜಿನ್ ನಮಗೆ ದೂರದ ಮಾತಲ್ಲ. 2023ರ ಆಗಸ್ಟ್‌ನಲ್ಲೇ ಟೊಯೊಟಾ ಇನೋವಾ ಹೈಕ್ರಾಸ್‌ನ ಫ್ಲೆಕ್ಸ್ ಮಾದರಿಯನ್ನು ದೆಹಲಿಯಲ್ಲಿ ತೋರಿಸಿತ್ತು. ಮಾಮೂಲಿ ಹೈಕ್ರಾಸ್ ತಯಾರಾಗುವುದು ನಮ್ಮ ಬಿಡದಿಯಲ್ಲೇ.