ಮೆಗ್ನೀಸಿಯಂ ದಹನ: ಒಂದು ಲೋಹ ಆಕ್ಸಿಜನ್ನಿನೊಡನೆ ಕೂಡುವ ಬಗೆ

ಮೆಗ್ನೀಸಿಯಂ ಲೋಹವನ್ನು ಗಾಳಿಯಲ್ಲಿ ಸಾಕಷ್ಟು ಕಾಯಿಸಿದಾಗ ಅದು ಹೊತ್ತಿಕೊಂಡು, ಗಾಳಿಯ ಆಕ್ಸಿಜನ್ನಿನೊಡನೆ ಸೇರಿ, ಅಪಾರ ಶಾಖವನ್ನೂ ಕಣ್ಣು ಕೋರೈಸುವ ಬೆಳಕನ್ನೂ ಹೊಮ್ಮಿಸುತ್ತ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿಯ ಪುಡಿಯಾಗಿ ಮಾರ್ಪಡುತ್ತದೆ. ಈ ಕ್ರಿಯೆಯನ್ನೇ ಮೆಗ್ನೀಸಿಯಂ ದಹನ ಎನ್ನುತ್ತಾರೆ. ಎರಡು ಮೆಗ್ನೀಸಿಯಂ ಪರಮಾಣುಗಳಿಗೆ ಒಂದು ಆಕ್ಸಿಜನ್ ಅಣು ಸೇರಿದರೆ ಮೆಗ್ನೀಸಿಯಂ ಆಕ್ಸೈಡಿನ ಎರಡು ಘಟಕಗಳು ದೊರೆಯುತ್ತವೆ ಎಂಬುದು ಇದರ ಸರಿದೂಗಿಸಿದ ಸಮೀಕರಣದ ತಾತ್ಪರ್ಯ. ಎರಡು ಪ್ರತಿವರ್ತಕಗಳು ಕೂಡಿ ಒಂದೇ ಉತ್ಪನ್ನವಾಗುವುದರಿಂದ ಇದು ಸಂಯೋಗ ಕ್ರಿಯೆ, ಶಾಖ ಹೊರಬರುವುದರಿಂದ ಬಹಿರುಷ್ಣಕ ಕ್ರಿಯೆ, ಮೆಗ್ನೀಸಿಯಂ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದರಿಂದ ಉತ್ಕರ್ಷಣ ಕ್ರಿಯೆ. ಶಾಲೆಯ ಪಾಠ ಸಾಮಾನ್ಯವಾಗಿ ಈ ಮೂರು ಹೆಸರುಗಳಲ್ಲಿಯೇ ಮುಗಿಯುತ್ತದೆ. ಆದರೆ ಇಷ್ಟೊಂದು ಶಾಖ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವುಗಳಲ್ಲಿ ಒಂದೂ ಉತ್ತರ ಹೇಳುವುದಿಲ್ಲ.

ಮೆಗ್ನೀಸಿಯಂ ಪರಮಾಣುವಿನ ಹೊರಕವಚದಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಆಕ್ಸಿಜನ್ನಿನ ಹೊರಕವಚ ತುಂಬಲು ಎರಡು ಎಲೆಕ್ಟ್ರಾನುಗಳು ಬೇಕು. ಹಾಗಾಗಿ ಮೆಗ್ನೀಸಿಯಂ ತನ್ನ ಎರಡು ಎಲೆಕ್ಟ್ರಾನುಗಳನ್ನು ಸಂತೋಷದಿಂದ ಬಿಟ್ಟುಕೊಡುತ್ತದೆ, ಆಕ್ಸಿಜನ್ ಅವನ್ನು ಅಷ್ಟೇ ಸಂತೋಷದಿಂದ ಪಡೆಯುತ್ತದೆ ಎಂದು ವಿವರಿಸುವ ರೂಢಿಯಿದೆ. ಲೆಕ್ಕ ಹಾಕಿ ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ಅಳತೆ, ಮೆಗ್ನೀಸಿಯಂನ ಮಟ್ಟಿಗೆ ಸುಮಾರು 24.3 ಗ್ರಾಂ) ಮೆಗ್ನೀಸಿಯಂ ಪರಮಾಣುಗಳಿಂದ ಮೊದಲನೆಯ ಎಲೆಕ್ಟ್ರಾನನ್ನು ಕೀಳಲು 738 ಕಿಲೋಜೌಲ್, ಎರಡನೆಯದನ್ನು ಕೀಳಲು ಸುಮಾರು 1450 ಕಿಲೋಜೌಲ್ ಶಕ್ತಿ ವ್ಯಯವಾಗುತ್ತದೆ. ಆಕ್ಸಿಜನ್ ಪರಮಾಣು ಮೊದಲನೆಯ ಎಲೆಕ್ಟ್ರಾನನ್ನು ಪಡೆಯುವಾಗ ಅಲ್ಪ ಶಕ್ತಿ ಬಿಡುಗಡೆಯಾಗುವುದು ನಿಜ. ಆದರೆ ಆಗಲೇ ಋಣ ಆವೇಶ ಹೊತ್ತ ಅಯಾನಿನ (ವಿದ್ಯುದಾವೇಶ ಪಡೆದ ಪರಮಾಣುವಿನ) ಮೇಲೆ ಎರಡನೆಯ ಎಲೆಕ್ಟ್ರಾನನ್ನು ಹೇರಲು ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿ ತಗಲುತ್ತದೆ. ಲೋಹವನ್ನು ಬಿಡಿ ಪರಮಾಣುಗಳನ್ನಾಗಿಸುವ, ಆಕ್ಸಿಜನ್ ಅಣುವನ್ನು ಒಡೆಯುವ ವೆಚ್ಚವನ್ನೂ ಸೇರಿಸಿದರೆ ಒಟ್ಟು ಖರ್ಚು ಮೋಲಿಗೆ 3200 ಕಿಲೋಜೌಲ್‌ಗಳಷ್ಟಾಗುತ್ತದೆ. ಅಂದರೆ ಎಲೆಕ್ಟ್ರಾನುಗಳ ವರ್ಗಾವಣೆಯೊಂದನ್ನೇ ನೋಡಿದರೆ ಈ ಕ್ರಿಯೆ ದೊಡ್ಡ ನಷ್ಟದ ವ್ಯವಹಾರ.

ಆ ನಷ್ಟವನ್ನು ತುಂಬಿಕೊಡುವುದು ಸ್ಫಟಿಕ. ಎರಡು ಧನ ಆವೇಶಗಳ ಮೆಗ್ನೀಸಿಯಂ ಅಯಾನು ಮತ್ತು ಎರಡು ಋಣ ಆವೇಶಗಳ ಆಕ್ಸೈಡ್ ಅಯಾನು, ಎರಡೂ ಗಾತ್ರದಲ್ಲಿ ಸಣ್ಣವು. ಆದ್ದರಿಂದ ಒಂದಕ್ಕೊಂದು ತೀರ ಹತ್ತಿರ ಬಂದು ಬಲವಾಗಿ ಸೆಳೆದುಕೊಳ್ಳುತ್ತವೆ. ಪ್ರತಿಯೊಂದು ಅಯಾನಿನ ಸುತ್ತ ವಿರುದ್ಧ ಆವೇಶದ ಆರು ಅಯಾನುಗಳು ನೆಲೆಗೊಳ್ಳುವ ಈ ಜಾಲ ಕಟ್ಟಿಕೊಳ್ಳುವಾಗ ಮೋಲಿಗೆ ಸುಮಾರು 3800 ಕಿಲೋಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಖರ್ಚು ಕಳೆದು ಉಳಿಯುವುದು ಸುಮಾರು 600 ಕಿಲೋಜೌಲ್, ಅದೇ ನಮಗೆ ಶಾಖವಾಗಿಯೂ ಬೆಳಕಾಗಿಯೂ ಕಾಣುವ ಭಾಗ. ಮೆಗ್ನೀಸಿಯಂ ಆಕ್ಸೈಡ್ 2800 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕರಗದಿರುವುದಕ್ಕೂ, ಕುಲುಮೆಗಳ ಒಳಮೈಗೆ ಅದನ್ನು ಬಳಸುವುದಕ್ಕೂ ಜಾಲದ ಈ ಗಟ್ಟಿತನವೇ ಕಾರಣ.

ಇಷ್ಟು ಲಾಭದಾಯಕವಾದ ಕ್ರಿಯೆ ಮೆಗ್ನೀಸಿಯಂ ಪಟ್ಟಿ ಸುಮ್ಮನೆ ಗಾಳಿಯಲ್ಲಿರುವಾಗ ಏಕೆ ನಡೆಯುವುದಿಲ್ಲ? ಲೋಹದ ಮೇಲ್ಮೈ ಆಗಲೇ ಒಂದಿಷ್ಟು ಆಕ್ಸಿಜನ್ನಿನೊಡನೆ ಸೇರಿ ತೆಳುವಾದ ಪೊರೆಯನ್ನು ಹೊದ್ದಿರುತ್ತದೆ, ಆ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಉರಿಸುವ ಮೊದಲು ಪಟ್ಟಿಯನ್ನು ಉಜ್ಜುಕಾಗದದಿಂದ ತಿಕ್ಕಬೇಕೆನ್ನುವುದು ಇದಕ್ಕಾಗಿಯೇ. ಲೋಹ 650 ಡಿಗ್ರಿಯಲ್ಲಿ ಕರಗಿ, ಸುಮಾರು 1090 ಡಿಗ್ರಿಯಲ್ಲಿ ಕುದಿಯುತ್ತದೆ. ಒಮ್ಮೆ ಹೊತ್ತಿಕೊಂಡ ಮೇಲೆ ಶಾಖದಿಂದ ಲೋಹ ಆವಿಯಾಗಿ, ಆ ಆವಿಯೇ ಆಕ್ಸಿಜನ್ನಿನೊಡನೆ ಉರಿಯುತ್ತದೆ. ಹೀಗಾಗಿ ಬೆಂಕಿಗೆ ಹೊರಗಿನ ಶಾಖ ಮತ್ತೆ ಬೇಕಾಗುವುದಿಲ್ಲ.

ಜ್ವಾಲೆಯ ಉಷ್ಣತೆ 3000 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಆದರೆ ಬೆಳಕಿಗೆ ಉಷ್ಣತೆಯೊಂದೇ ಸಾಲದು. ಹೈಡ್ರೋಜನ್ನಿನ ಜ್ವಾಲೆಯೂ ಬಹಳ ಬಿಸಿಯಾದದ್ದು, ಆದರೂ ಅದರ ಉತ್ಪನ್ನ ನೀರಾವಿಯಾದ್ದರಿಂದ ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಮೆಗ್ನೀಸಿಯಂ ಜ್ವಾಲೆಯಲ್ಲಿ ಹುಟ್ಟುವ ಆಕ್ಸೈಡಿನ ಸೂಕ್ಷ್ಮ ಕಣಗಳು ಆ ಉಷ್ಣತೆಯಲ್ಲಿ ಕಾದು ಬೆಳ್ಳಗೆ ಪ್ರಜ್ವಲಿಸುತ್ತವೆ. 19ನೆಯ ಶತಮಾನದ ಛಾಯಾಗ್ರಾಹಕರು ಕತ್ತಲಲ್ಲಿ ಚಿತ್ರ ತೆಗೆಯಲು ಈ ಬೆಳಕನ್ನೇ ನೆಚ್ಚಿದ್ದರು. ಇದರಲ್ಲಿ ಅತಿನೇರಳೆ ಕಿರಣಗಳೂ ಇರುವುದರಿಂದ ಉರಿಯುವ ಪಟ್ಟಿಯನ್ನು ನೇರವಾಗಿ ನೋಡಲೇಬಾರದು.

ಉರಿದ ವಸ್ತು ಹಗುರವಾಗುತ್ತದೆ ಎಂಬ ನಮ್ಮ ದಿನನಿತ್ಯದ ಅನುಭವವನ್ನು ಮೆಗ್ನೀಸಿಯಂ ಸುಳ್ಳಾಗಿಸುತ್ತದೆ. 2.43 ಗ್ರಾಂ ಲೋಹ ಪೂರ್ತಿ ಆಕ್ಸೈಡ್ ಆದರೆ 4.03 ಗ್ರಾಂ ತೂಗುತ್ತದೆ, ಹೆಚ್ಚಿದ 1.60 ಗ್ರಾಂ ಗಾಳಿಯಿಂದ ಬಂದ ಆಕ್ಸಿಜನ್. ಉರಿಯುವಾಗ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬ ದ್ರವ್ಯ ಹೊರಹೋಗುತ್ತದೆಂಬ ಹಳೆಯ ವಾದವನ್ನು 18ನೆಯ ಶತಮಾನದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ಲೋಹಗಳ ಇಂಥ ತೂಕದ ಹೆಚ್ಚಳವನ್ನೇ ಆಧಾರವಾಗಿಟ್ಟುಕೊಂಡು ತಳ್ಳಿಹಾಕಿದ. ಈ ಮಾತನ್ನು ಇಷ್ಟು ಸ್ಪಷ್ಟವಾಗಿ ತೋರಿಸಬಲ್ಲ ಮೆಗ್ನೀಸಿಯಂ ಮಾತ್ರ ಅವನಿಗೆ ಲಭ್ಯವಿರಲಿಲ್ಲ. ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಅದನ್ನು ಬೇರ್ಪಡಿಸಿದ್ದು ಲವಾಸಿಯೆ ತೀರಿಕೊಂಡ ಮೇಲೆ, 1808ರಲ್ಲಿ.

ಮುಚ್ಚಳವಿರುವ ಮೂಸೆಯಲ್ಲಿ ಈ ಪ್ರಯೋಗ ಮಾಡಿದವರಿಗೆ ತೂಕ ಲೆಕ್ಕಕ್ಕಿಂತ ತುಸು ಕಡಿಮೆ ಬರುವುದುಂಟು. ಬಿಳಿ ಹೊಗೆ ತಪ್ಪಿಸಿಕೊಂಡದ್ದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಕುತೂಹಲದ್ದು: ಲೋಹದ ಒಂದು ಅಂಶ ಗಾಳಿಯ ನೈಟ್ರೋಜನ್ನಿನೊಡನೆ ಸೇರಿ ಮೆಗ್ನೀಸಿಯಂ ನೈಟ್ರೈಡ್ ಆಗಿರುತ್ತದೆ, ಅದರಲ್ಲಿ ಲೋಹಕ್ಕೆ ಅಂಟುವ ತೂಕ ಆಕ್ಸೈಡಿನಲ್ಲಿರುವುದಕ್ಕಿಂತ ಕಡಿಮೆ. ತಣಿದ ಬೂದಿಗೆ ಕೆಲವು ಹನಿ ನೀರು ಹಾಕಿದಾಗ ಅಮೋನಿಯಾದ ಘಾಟು ಬರುವುದು ಈ ನೈಟ್ರೈಡಿನಿಂದ. ನೀರು ಅದನ್ನು ಹೈಡ್ರಾಕ್ಸೈಡ್ ಮಾಡುವುದರಿಂದ, ಮೂಸೆಯನ್ನು ಮತ್ತೆ ಚೆನ್ನಾಗಿ ಕಾಯಿಸಿದರೆ ಉಳಿಯುವುದು ಆಕ್ಸೈಡ್ ಮಾತ್ರ. ಆಕ್ಸೈಡ್ ಸಹ ನೀರಿನೊಡನೆ ನಿಧಾನವಾಗಿ ಹೈಡ್ರಾಕ್ಸೈಡ್ ಆಗಿ ಕೆಂಪು ಲಿಟ್ಮಸ್ಸನ್ನು ನೀಲಿಯಾಗಿಸುತ್ತದೆ.

ಆಕ್ಸಿಜನ್ ಬಿಡಿಯಾಗಿಯೇ ಸಿಗಬೇಕೆಂದೂ ಮೆಗ್ನೀಸಿಯಂಗೆ ಇಲ್ಲ. ಉರಿಯುವ ಪಟ್ಟಿಯನ್ನು ಇಂಗಾಲದ ಡೈಆಕ್ಸೈಡ್ ತುಂಬಿದ ಜಾಡಿಗೆ ಇಳಿಸಿದರೆ ಅದು ಆ ಅನಿಲದಿಂದಲೇ ಆಕ್ಸಿಜನ್ನನ್ನು ಕಿತ್ತುಕೊಂಡು ಉರಿಯುವುದನ್ನು ಮುಂದುವರಿಸಿ, ಬಿಳಿಯ ಆಕ್ಸೈಡಿನ ನಡುವೆ ಕಪ್ಪು ಇಂಗಾಲದ ಕಣಗಳನ್ನು ಉಳಿಸುತ್ತದೆ. ನೀರಿನಿಂದ ಆಕ್ಸಿಜನ್ನನ್ನು ಸೆಳೆದರೆ ಹೈಡ್ರೋಜನ್ ಹೊರಬಂದು ಸ್ಫೋಟಕ್ಕೆ ದಾರಿಯಾಗುತ್ತದೆ. ಆದ್ದರಿಂದ ಮೆಗ್ನೀಸಿಯಂ ಬೆಂಕಿಗೆ ನೀರನ್ನಾಗಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನಾಗಲಿ ಬಳಸುವಂತಿಲ್ಲ. ಲೋಹದ ಬೆಂಕಿಗೆಂದೇ ತಯಾರಿಸಿದ ಒಣ ಪುಡಿಯನ್ನು ಅದರ ಮೇಲೆ ಮುಚ್ಚಬೇಕು.